ಬುನಾದಿ ಕಟ್ಟಿದ ಬ್ರೌಸರು

ಅವನನ್ನು ನಾನು ಮೊದಲು ಕಂಡದ್ದು ಮೇಜಿನ ಕೆಳಗೆ. ನಿವೃತ್ತನಾದ ಮೇಲೆ ದಿನವೂ ಬೆಳಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ಪತ್ರಿಕೆ ಓದುವುದು ನನ್ನ ರೂಢಿ. ಆ ದಿನ ನನ್ನ ಎಂದಿನ ಕುರ್ಚಿಯ ಪಕ್ಕದಲ್ಲಿ, ಹಳೆಯ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದ ಉದ್ದನೆಯ ಮೇಜಿನ ಅಡಿಯಿಂದ, ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಒಂದು ಕಾಲುಚೀಲದ ತುದಿ ಹರಿದು ಹೆಬ್ಬೆರಳು ಇಣುಕುತ್ತಿತ್ತು. ನಮ್ಮ ಗ್ರಂಥಪಾಲಕಿ ಆ ಕಾಲುಗಳ ಜೊತೆಗೇ ಮಾತನಾಡುತ್ತಿದ್ದರು.

"ಅಲ್ಲಪ್ಪಾ, ಒಳಗೆ ಸಂಸಾರವನ್ನೇ ಹೂಡಿಬಿಟ್ಯಾ ಹೇಗೆ? ಹೊರಗೆ ಜನ ಕಾಯ್ತಾ ಇದ್ದಾರೆ."

"ಬಂದೆ ಮೇಡಂ. ಇಲ್ಲಿರೋ ಧೂಳಲ್ಲಿ ಒಂದು ಹಾಸಿಗೆ ತುಂಬಬಹುದು."

ತೆವಳಿಕೊಂಡು ಹೊರಗೆ ಬಂದವನು ನಲವತ್ತರ ಹತ್ತಿರದವನು. ತೆಳ್ಳನೆಯ ಮೈ, ಹುಬ್ಬಿನ ಮೇಲೆ ಜೇಡರಬಲೆಯ ಎಳೆ. ಯಂತ್ರವನ್ನು ಚಾಲೂ ಮಾಡಿ, ಪರದೆಯ ಮೇಲೆ ಒಂದು ಪುಟ ಮೂಡುವವರೆಗೂ ಉಸಿರು ಬಿಗಿಹಿಡಿದು ನಿಂತ. ಪುಟ ಮೂಡಿತು. ಪಕ್ಕದಲ್ಲಿದ್ದ ನನ್ನನ್ನು ನೋಡಿ, ಮೊದಲಿನಿಂದ ಪರಿಚಯವಿರುವವನಂತೆ, "ಓದೋಕೆ ಆಗ್ತಿದೆಯಾ ಸಾರ್? ಸಾಲುಗಳು ನೇರ ಇವೆಯಾ?" ಎಂದು ಕೇಳಿದ. ನೇರವಾಗಿವೆ ಎಂದೆ. ಅವನ ಮುಖ ಅರಳಿದ ರೀತಿ ಇಂದಿಗೂ ಕಣ್ಣ ಮುಂದಿದೆ. ಚೆನ್ನಾಗಿ ಬರೆದ ಉತ್ತರಪತ್ರಿಕೆಯನ್ನು ಮರಳಿ ಪಡೆದ ಹುಡುಗರ ಮುಖಗಳು ಹಾಗೆ ಅರಳುತ್ತಿದ್ದವು.

ಸಂಗತಿ ಇಷ್ಟು. ಗ್ರಂಥಾಲಯದ ಕಂಪ್ಯೂಟರುಗಳು ಹಳೆಯವು. ಲೋಕವೆಲ್ಲ ಬಳಸುವ ದೊಡ್ಡ ಬ್ರೌಸರು, ಇಷ್ಟು ಹಳೆಯ ಯಂತ್ರಗಳ ಮೇಲೆ ಇನ್ನು ನಾನು ಓಡುವುದಿಲ್ಲ ಎಂದು ಕೈ ಚೆಲ್ಲಿತ್ತು. ಹೊಸ ಯಂತ್ರ ಕೊಳ್ಳಲು ಕೇಂದ್ರ ಕಚೇರಿ ಮನಸ್ಸು ಮಾಡಿರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕುವವರು, ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಿಕೊಳ್ಳುವವರು, ಮನೆಯಲ್ಲಿ ಕಂಪ್ಯೂಟರು ಇಲ್ಲದವರೆಲ್ಲ ಇಲ್ಲಿಗೇ ಬರುವವರು; ಅವರು ಬಂದು ಬಂದು ಹಿಂದಿರುಗುತ್ತಿದ್ದರು. ಆಗ ಇವನು ಬಂದು, ನಾನೇ ಕಟ್ಟಿದ ಬ್ರೌಸರು ಒಂದಿದೆ, ಇವುಗಳ ಮೇಲೂ ಓಡುತ್ತದೆ ಎಂದನಂತೆ.

"ಯಾವ ಕಂಪನಿಯವನಪ್ಪಾ ನೀನು?" ಎಂದು ಕೇಳಿದೆ.

"ಕಂಪನಿಯೂ ಇಲ್ಲ, ಏನೂ ಇಲ್ಲ ಸಾರ್. ನಾನು, ನನ್ನ ಹೆಂಡತಿಯ ತಮ್ಮ. ಇಬ್ಬರೇ."

ಅಂದು ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಅವನು ತನ್ನ ಕೆಲಸವನ್ನು ನನಗೆ ತಿಳಿಸಿಕೊಟ್ಟ. ನಾನು ಮೇಷ್ಟರಾಗಿದ್ದವನು ಎಂದು ಗೊತ್ತಾದದ್ದೇ ತಡ, 'ಸಾರ್' ಹೋಗಿ 'ಮೇಷ್ಟ್ರೇ' ಬಂದಿತ್ತು.

"ನಿಮಗೆ ಪುಟ ಅಂತ ಕಾಣೋದು ಅಲ್ಲಿಂದ ಪುಟವಾಗಿ ಬರೋದಿಲ್ಲ ಮೇಷ್ಟ್ರೇ. ಬರೋದು ಬರೀ ಅಕ್ಷರದ ರಾಶಿ. ನಡುನಡುವೆ ಗುರುತು ಇರುತ್ತೆ. ಇದು ತಲೆಬರಹ, ಇಲ್ಲೊಂದು ಚಿತ್ರ, ಇಲ್ಲೊಂದು ಒತ್ತುಗುಂಡಿ, ಹೀಗೆ. ಅದನ್ನೆಲ್ಲ ಓದಿ, ಯಾವ ಸಾಲು ಎಲ್ಲಿ ಮುರೀಬೇಕು, ಯಾವ ಚೌಕ ಯಾವುದರ ಪಕ್ಕ ಕೂರಬೇಕು ಅಂತ ಲೆಕ್ಕ ಹಾಕಿ, ಬಣ್ಣ ಬಳಿದು ನಿಮ್ಮ ಮುಂದೆ ಇಡೋದು ಎಂಜಿನ್ನು. ಬ್ರೌಸರಿನ ಹೊಟ್ಟೇಲಿ ಇರೋದು ಅದೇ."

"ಬ್ರೌಸರುಗಳು ಬೇಕಾದಷ್ಟು ಇವೆಯಲ್ಲಪ್ಪಾ?"

"ಅಂಗಿ ಬೇಕಾದಷ್ಟಿವೆ. ಒಳಗಿರೋ ಮೈ ಎರಡೋ ಮೂರೋ. ಎಲ್ಲರೂ ದೊಡ್ಡವರ ಎಂಜಿನ್ನನ್ನೇ ತಂದು ಬೇರೆ ಬಣ್ಣದ ಅಂಗಿ ತೊಡಿಸ್ತಾರೆ, ಹೊಸದು ಅಂತಾರೆ."

"ನೀನೂ ಹಾಗೇ ಮಾಡಬಹುದಿತ್ತಲ್ಲ?"

"ಮಾಡಬಹುದಿತ್ತು. ಆದರೆ ಎಲ್ಲರೂ ಅವರದ್ದನ್ನೇ ತಗೊಂಡರೆ ಅವರು ಆಡಿದ್ದೇ ನಿಯಮ ಆಗುತ್ತೆ. ಇವತ್ತು ನಿಮ್ಮ ಯಂತ್ರ ಹಳೇದು ಅಂದರು, ಮೇಡಂ ತೆಪ್ಪಗೆ ಕೂರಬೇಕಾಯ್ತು. ಬೇರೆ ಒಂದಾದರೂ ಇರಬೇಕೋ ಬೇಡವೋ?"

ಅವನಿಗೆ 'ಬುನಾದಿ' ಎಂದು ಅಡ್ಡಹೆಸರು ಇಟ್ಟವನು ಆ ಭಾವಮೈದುನ. ಏನು ಹೇಳಿದರೂ 'ಬುನಾದಿಯಿಂದ ಮಾಡೋಣ' ಎನ್ನುತ್ತಿದ್ದನಂತೆ. ಬಚ್ಚಲಿನ ನಲ್ಲಿ ಸೋರಿದರೆ ಗೋಡೆಯ ಕೊಳವೆಯಿಂದ ಶುರುಮಾಡುವ ಮನುಷ್ಯ. ನಾವೆಲ್ಲ ಹಾಗೆಯೇ ಕರೆದೆವು, ಅವನಿಗೂ ಬೇಸರವಿರಲಿಲ್ಲ. ಬ್ರೌಸರಿಗೆ ಅವರು ಇಟ್ಟ ಹೆಸರು 'ಕಿಂಡಿ'. ದೊಡ್ಡವರು ಹೆಬ್ಬಾಗಿಲು ಇಟ್ಟುಕೊಳ್ಳಲಿ, ನಮಗೆ ನೋಡಲು ಕಿಂಡಿ ಸಾಕು ಎಂಬುದು ಭಾವಮೈದುನನ ವಿವರಣೆ.

ಅವರ ಮನೆ ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ, ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಲೋಟಗಳು ಅದುರುತ್ತಿದ್ದವು. ಎರಡು ಕೋಣೆ. ಹೊರಗಿನ ಕೋಣೆಯಲ್ಲಿ ಎದುರುಬದುರು ಎರಡು ಮೇಜು, ನಾಲ್ಕಾರು ಪರದೆ, ಕಿಟಕಿಯ ಮೇಲೆ ಒಣಗಲು ಹಾಕಿದ ಟವೆಲು. ಪುಟಗಳನ್ನು ಹೇಗೆ ತೋರಿಸಬೇಕು ಎಂಬ ನಿಯಮಗಳ ಪಠ್ಯವನ್ನು ಒಬ್ಬ ಗಟ್ಟಿಯಾಗಿ ಓದುವುದು, ಇನ್ನೊಬ್ಬ ಅದನ್ನು ಕೇಳಿಕೊಂಡು ಎಂಜಿನ್ನಿನ ಪ್ರೋಗ್ರಾಮು ಬರೆಯುವುದು. ಊಟವಾದ ಮೇಲೆ ಓದುವವನು ಬರೆಯುತ್ತಿದ್ದ, ಬರೆಯುವವನು ಓದುತ್ತಿದ್ದ. ಹೀಗೆ ಮಾಡಿದರೆ ಒಬ್ಬನ ತಪ್ಪು ಇನ್ನೊಬ್ಬನ ಕಿವಿಗೆ ಬೀಳುತ್ತದೆ ಎನ್ನುತ್ತಿದ್ದರು. ಹೊರಗಿನಿಂದ ಕೇಳಿದರೆ ಹಳೆಯ ಕಾಲದ ಮಗ್ಗಿ ಪಾಠದಂತೆ ಇರುತ್ತಿತ್ತು.

ನನಗೆ ಬಹಳ ಹಿಡಿಸಿದ ಸಂಗತಿ ಒಂದಿತ್ತು. ಲೋಕದ ಪುಟಗಳಲ್ಲಿ ಮುಕ್ಕಾಲು ಪಾಲು ತಪ್ಪುತಪ್ಪಾಗಿ ಬರೆದವುಗಳಂತೆ. ತೆರೆದ ಗುರುತನ್ನು ಮುಚ್ಚಿರುವುದಿಲ್ಲ, ಒಂದರೊಳಗೆ ಇರಬೇಕಾದದ್ದು ಇನ್ನೊಂದರೊಳಗೆ. ದೊಡ್ಡ ಬ್ರೌಸರುಗಳು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಪುಟವನ್ನು ಅಂದವಾಗಿಯೇ ತೋರಿಸುತ್ತವೆ. ಹೊಸಬನೂ ಅದೇ ತಪ್ಪನ್ನು ಅದೇ ರೀತಿಯಲ್ಲಿ ಕ್ಷಮಿಸಬೇಕು.

"ನನ್ನ ಹಾಗೆ ನೀನು ಅಂಕ ಕಳೆಯುವುದಿಲ್ಲವೇ?" ಎಂದೆ.

"ಕಳೆದರೆ ಅರ್ಧ ಲೋಕವೇ ನಾಪಾಸು ಮೇಷ್ಟ್ರೇ."

ಮನೆಯನ್ನು ನಡೆಸುತ್ತಿದ್ದವಳು ಅವನ ಹೆಂಡತಿ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿದು ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಸಂಜೆ ಬರುವಾಗ ಅವಳ ಬೆರಳಿನ ತುದಿಗಳು ಬೆಳ್ಳಗಿರುತ್ತಿದ್ದವು. ಬಂದವಳು ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ಊರಿನವರ ಕಣ್ಣೆಲ್ಲ ಸರಿಮಾಡಿ ಬರ್ತೀನಿ. ಮನೇಲಿರೋ ಈ ನಾಲ್ಕು ಕಣ್ಣಿಗೆ ಮಾತ್ರ ನಂಬರು ಸಿಗ್ತಾ ಇಲ್ಲ" ಎನ್ನುತ್ತಿದ್ದಳು.

"ಅಕ್ಕಾ, ಗ್ರಂಥಾಲಯದವರು ಒಪ್ಪಿಕೊಂಡರೆ ನಿನಗೆ ಚಿನ್ನದ ಚೌಕಟ್ಟಿನ ಕನ್ನಡಕ."

"ನನಗೆ ಕಣ್ಣು ಚೆನ್ನಾಗೇ ಕಾಣುತ್ತಪ್ಪಾ. ಅದೇ ತೊಂದರೆ."

ಗ್ರಂಥಾಲಯದವರು ಒಪ್ಪಿಕೊಂಡರೆ ಎಂಬುದೇ ಆ ಮನೆಯ ಎಲ್ಲ ಮಾತುಗಳ ಕೊನೆಯಾಗಿತ್ತು. ಗ್ರಂಥಪಾಲಕಿ ಓಡಾಡಿ, ಕೇಂದ್ರ ಕಚೇರಿಯಿಂದ ಒಂದು ವರ್ಷದ ಪರೀಕ್ಷೆಗೆ ಅನುಮತಿ ತಂದಿದ್ದರು. ನಮ್ಮ ಶಾಖೆ ಮತ್ತು ಅಕ್ಕಪಕ್ಕದ ಕೆಲವು ಶಾಖೆಗಳಲ್ಲಿ ಕಿಂಡಿ ಓಡಬೇಕು. ವರ್ಷದ ಕೊನೆಗೆ ಜನ ಅದನ್ನು ಬಳಸುತ್ತಿದ್ದಾರೆ ಎಂದು ಕಂಡುಬಂದರೆ ಊರಿನ ಎಲ್ಲ ಶಾಖೆಗಳಿಗೂ ಅದೇ, ಅದನ್ನು ನೋಡಿಕೊಳ್ಳಲು ಇವರಿಬ್ಬರಿಗೂ ಕಾಯಂ ಕೆಲಸ. ಬುನಾದಿ ನನಗೆ ಸ್ಪಷ್ಟವಾಗಿಯೇ ಹೇಳಿದ್ದ: "ಎಂಜಿನ್ನು ಕಟ್ಟಿ ಮುಗಿಸೋ ವಸ್ತು ಅಲ್ಲ ಮೇಷ್ಟ್ರೇ. ಲೋಕ ದಿನಾ ಬದಲಾಗುತ್ತೆ, ದಿನಾ ಕೈಯಾಡಿಸಬೇಕು. ಇದೊಂದು ಆದರೆ ಕಿಂಡಿ ಉಳಿಯುತ್ತೆ. ಆಗದಿದ್ದರೆ, ನನ್ನ ಹೆಂಡತಿ ಇನ್ನೆಷ್ಟು ದಿನ ಅಂತ ಗಾಜು ಉಜ್ಜಬೇಕು?"

ಪರೀಕ್ಷೆ ಶುರುವಾಗಿ ಕೆಲವು ದಿನಗಳಲ್ಲೇ ಮೊದಲ ಬಾಗಿಲು ಮುಚ್ಚಿತು. ಬಸ್ಸಿನ ಪಾಸು ಮಾಡಿಸಿಕೊಳ್ಳುವ ಜಾಲತಾಣವನ್ನು ತೆರೆದರೆ, ಬಿಳಿಯ ಪುಟದ ನಡುವೆ ಒಂದೇ ಸಾಲು: ನಿಮ್ಮ ಬ್ರೌಸರು ಹಳತಾಗಿದೆ, ಹೊಸದನ್ನು ಹಾಕಿಕೊಂಡು ಬನ್ನಿ. ಹುಟ್ಟಿ ವರ್ಷವೂ ಆಗದ ಬ್ರೌಸರಿಗೆ ಈ ಮಾತು.

ಕಾರಣವನ್ನು ಅವನೇ ಬಿಡಿಸಿ ಹೇಳಿದ. ಪುಟವನ್ನು ಕೇಳಲು ಹೋಗುವ ಬ್ರೌಸರು ಮೊದಲು ತನ್ನ ಹೆಸರು ಹೇಳಬೇಕು. ಆ ಕಡೆಯವರು ಹೆಸರನ್ನು ನೋಡಿ, ಗುರುತಿನವನಾದರೆ ಒಳಗೆ ಬಿಡುತ್ತಾರೆ, ಇಲ್ಲದಿದ್ದರೆ ಇಲ್ಲ. ಒಳಗೆ ಬಿಟ್ಟರೆ ಪುಟವನ್ನು ಸರಿಯಾಗಿ ತೋರಿಸಬಲ್ಲನೇ ಎಂದು ಪರೀಕ್ಷಿಸುವವರು ಕಡಿಮೆ. ಆದ್ದರಿಂದ ಹಿಂದಿನಿಂದಲೂ ಹೊಸದಾಗಿ ಬಂದ ಒಂದೊಂದು ಬ್ರೌಸರೂ ತನಗಿಂತ ಮೊದಲಿನವುಗಳ ಹೆಸರನ್ನು ಹೇಳಿಕೊಂಡೇ ಒಳಗೆ ನುಗ್ಗಿದೆ. ಇಂದು ದೊಡ್ಡ ಬ್ರೌಸರು ಹೇಳುವ ಹೆಸರಿನಲ್ಲೂ ಎಂದೋ ಸತ್ತುಹೋದವರ ಹೆಸರುಗಳು ಸರಪಳಿಯಂತೆ ಸೇರಿಕೊಂಡಿವೆಯಂತೆ. ಬುನಾದಿ ಮಾತ್ರ ಹಟ ಹಿಡಿದಿದ್ದ. ಅವನ ಬ್ರೌಸರು ಬಾಗಿಲಲ್ಲಿ ನಿಂತು 'ಕಿಂಡಿ' ಎಂದಷ್ಟೇ ಹೇಳುತ್ತಿತ್ತು.

"ಭಾವ, ಊರೆಲ್ಲ ವೇಷ ಹಾಕಿದೆ. ನಾವೊಬ್ಬರೇ ಬರಿಮೈಯಲ್ಲಿ ಹೋಗಿ ನಿಂತರೆ ಯಾರು ಒಳಗೆ ಕರೀತಾರೆ?" ಎಂದು ಭಾವಮೈದುನ ನನ್ನ ಎದುರಿಗೇ ವಾದಿಸಿದ.

"ಬುನಾದಿಯಿಂದ ಕಟ್ಟಿದ್ದು ಯಾತಕ್ಕೆ ಹಾಗಾದರೆ? ಕಟ್ಟಿ ಅವರ ಹೆಸರನ್ನೇ ಹೇಳೋದಾದರೆ ಅವರದ್ದನ್ನೇ ತರಬಹುದಿತ್ತಲ್ಲ?"

"ಹೆಸರು ಹೇಳಿದ ಮಾತ್ರಕ್ಕೆ ಮೈ ಬದಲಾಗುತ್ತಾ?"

"ನೀನು ನಾಳೆ ಆ ಟೈರಂಗಡಿಯವನ ಹೆಸರು ಹೇಳಿಕೊಂಡು ಓಡಾಡು ನೋಡೋಣ."

"ಸಾಲ ಸಿಗೋದಾದರೆ ಇವತ್ತೇ ಓಡಾಡ್ತೀನಿ."

ಬುನಾದಿ ನಗಲಿಲ್ಲ. ಬಸ್ಸಿನ ತಾಣದವರಿಗೆ ವಿನಯದಿಂದ ಬರೆದ: ನಮ್ಮ ಹೊಸ ಬ್ರೌಸರು ನಿಮ್ಮ ಪುಟವನ್ನು ಸರಿಯಾಗಿಯೇ ತೋರಿಸುತ್ತದೆ, ದಯವಿಟ್ಟು ಹೆಸರನ್ನು ಸೇರಿಸಿಕೊಳ್ಳಿ. ಅವರೂ ವಿನಯದಿಂದಲೇ ಉತ್ತರಿಸಿದರು: ನಿಮ್ಮ ಬ್ರೌಸರಿನಿಂದ ನಮ್ಮ ತಾಣಕ್ಕೆ ಯಾರೂ ಬಂದ ದಾಖಲೆಯಿಲ್ಲ, ಬರುವವರು ಹೆಚ್ಚಾದ ಮೇಲೆ ಪರಿಶೀಲಿಸೋಣ. ಬಾಗಿಲು ಮುಚ್ಚಿದವರೇ ಒಳಗೆ ಯಾರೂ ಬಂದಿಲ್ಲ ಎನ್ನುತ್ತಿದ್ದರು. ಇಂಥ ಉತ್ತರಗಳು ಬೇರೆಬೇರೆ ಕಡೆಗಳಿಂದ ಬಂದವು. ಗ್ರಂಥಾಲಯದಲ್ಲಿ ಜನ ಗೊಣಗತೊಡಗಿದರು. ಕೊನೆಗೆ ಅವನು ಅರ್ಧ ಬಾಗಿದ. ಮೊದಲು ದೊಡ್ಡ ಬ್ರೌಸರಿನ ಹೆಸರು, ಆಮೇಲೆ ಬಾಲದ ಹಾಗೆ ಕೊನೆಯಲ್ಲಿ 'ಕಿಂಡಿ'. ನೋಡುವವರು ಕೊನೆಯವರೆಗೆ ನೋಡಿದರೆ ಸತ್ಯ ಕಾಣುತ್ತದೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡ. ಬಾಗಿಲುಗಳು ತೆರೆದವು.

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಸರ್ಕಾರದ ಯಾವುದೋ ಕೆಳದರ್ಜೆಯ ಹುದ್ದೆಗಳಿಗೆ ಅರ್ಜಿ ಹಾಕಲು ಅದು ಕೊನೆಯ ದಿನ. ವಾಚನಾಲಯ ಕಿಕ್ಕಿರಿದಿತ್ತು; ಸಾಲು ಮೆಟ್ಟಿಲವರೆಗೆ ಬಂದಿತ್ತು. ಅರ್ಜಿಯ ತಾಣ ಹೆಸರನ್ನು ಕೊನೆಯ ಅಕ್ಷರದವರೆಗೆ ತಾಳೆ ನೋಡುವಂಥದು. ತುಂಬಿದ ಅರ್ಜಿಯನ್ನು ಕಳುಹಿಸುವ ಹೊತ್ತಿಗೆ ಬಾಲವನ್ನು ಕಂಡು ಅದು ಮುಖ ತಿರುಗಿಸಿತು. ತುಂಬಿದ್ದೆಲ್ಲ ಅಳಿಸಿಹೋಗಿ ಅದೇ ಬಿಳಿ ಪುಟ, ಅದೇ ಒಂದು ಸಾಲು. ಒಬ್ಬಳು ತಾಯಿ, ಸೊಂಟದ ಮೇಲೆ ಮಗು, ಮೂರನೆಯ ಸಲ ಮೊದಲಿನಿಂದ ತುಂಬುತ್ತಿದ್ದಳು.

ಗ್ರಂಥಪಾಲಕಿ ಬುನಾದಿಯ ಹತ್ತಿರ ಬಂದರು. ಅವರ ದನಿ ತಗ್ಗಿತ್ತು. "ನಿನ್ನ ತತ್ವ ನನಗೆ ಅರ್ಥವಾಗುತ್ತಪ್ಪಾ. ಆದರೆ ಇವರ ಮುಖ ನೋಡು. ಸಂಜೆ ಆದರೆ ಮುಗೀತು."

ಅವನು ಸಾಲನ್ನು ನೋಡಿದ. ಭಾವಮೈದುನ ಕೀಲಿಮಣೆಯ ಮುಂದೆ ಕುಳಿತು ಕಾಯುತ್ತಿದ್ದ.

"ಬಾಲ ಕತ್ತರಿಸಿಬಿಡಿ ಭಾವ. ಇವತ್ತಿಗೆ ಮಾತ್ರ."

"ನೀನು ಏಳು" ಎಂದು ಬುನಾದಿ ಅವನನ್ನು ಎಬ್ಬಿಸಿ, ತಾನೇ ಕುಳಿತು, ತನ್ನ ಕೈಯಿಂದಲೇ ಆ ಹೆಸರನ್ನು ಅಳಿಸಿದ. ತಾನೇ ಮಾಡಬೇಕು ಎಂದು ಅವನಿಗೆ ಯಾಕೆ ಅನ್ನಿಸಿತೋ ನಾನು ಕೇಳಲಿಲ್ಲ. ಆ ಮಧ್ಯಾಹ್ನ ಸಾಲು ಕರಗಿತು. ಆ ತಾಯಿ ಹೋಗುವಾಗ ಇವನ ಕಡೆ ತಿರುಗಿ ಕೈ ಮುಗಿದಳು. ಅವನು ಯಾರದೋ ಸಾಮಾನನ್ನು ಹಿಡಿದು ನಿಂತವನ ಹಾಗೆ ನಿಂತಿದ್ದ.

ಇವತ್ತಿಗೆ ಮಾತ್ರ ಎಂದದ್ದು ಹಾಗೆಯೇ ಉಳಿಯಿತು. ಬಾಲವನ್ನು ಮತ್ತೆ ಅಂಟಿಸಲು ಹೊರಟರೆ ಯಾವುದಾದರೂ ತಾಣದಲ್ಲಿ ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಿರುತ್ತಿತ್ತು. ಯಾರಾದರೂ ಒಬ್ಬರು ಅರ್ಧ ತುಂಬಿದ ಪುಟದ ಮುಂದೆ ಕುಳಿತಿರುತ್ತಿದ್ದರು. ಮುಂದಿನ ವಾರ ಎನ್ನುತ್ತಾ ತಿಂಗಳುಗಳು ಹೋದವು. ನಿಜ ಹೇಳಬೇಕೆಂದರೆ ಅವು ಒಳ್ಳೆಯ ತಿಂಗಳುಗಳು. ಕಿಂಡಿ ಒಂದು ದಿನವೂ ನಿಲ್ಲಲಿಲ್ಲ. ನನ್ನಂಥವನೂ ಕನ್ನಡಕವಿಲ್ಲದೆ ಓದುವಷ್ಟು ಅಕ್ಷರಗಳನ್ನು ಹಿಗ್ಗಿಸುವ ಗುಂಡಿಯೊಂದನ್ನು ಅವನು ಸೇರಿಸಿದ. ಗ್ರಂಥಪಾಲಕಿ ಸಂಜೆ ಬಾಗಿಲು ಹಾಕುವಾಗ, "ಇವತ್ತು ಒಬ್ಬರೂ ಬೈಯಲಿಲ್ಲ ನೋಡಿ ಮೇಷ್ಟ್ರೇ" ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ವರ್ಷ ಮುಗಿಯುವ ಸ್ವಲ್ಪ ಮೊದಲು ಅವರು ನಿವೃತ್ತರಾದರು.

ಕೇಂದ್ರ ಕಚೇರಿಯಲ್ಲೂ ಹೊಸ ಅಧಿಕಾರಿ ಬಂದಿದ್ದರು. ವರದಿಯನ್ನು ಕುರಿತು ಮಾತನಾಡಲು ಕರೆ ಬಂದಾಗ ಬುನಾದಿ, "ನೀವು ಓದುಗರ ಕಡೆಯಿಂದ ಬನ್ನಿ ಮೇಷ್ಟ್ರೇ, ಕೂದಲು ಬೆಳ್ಳಗಿದೆ, ಮರ್ಯಾದೆ ಕೊಡ್ತಾರೆ" ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಭಾವಮೈದುನ ದಾರಿಯುದ್ದಕ್ಕೂ ಕೆಲಸ ಕಾಯಂ ಆದ ಮೇಲೆ ಯಾರು ಯಾವ ಶಾಖೆಯನ್ನು ನೋಡಿಕೊಳ್ಳಬೇಕು ಎಂದು ಹಂಚಿಕೆ ಮಾಡುತ್ತಾ ಬಂದ.

ಅಧಿಕಾರಿ ಕೆಟ್ಟವರಲ್ಲ. ನಮ್ಮನ್ನು ಕೂರಿಸಿ, ಚಹಾ ತರಿಸಿದರು. ಆಮೇಲೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಗ್ರಂಥಾಲಯದ ಸ್ವಂತ ತಾಣಕ್ಕೆ ಯಾವ ಬ್ರೌಸರಿನಿಂದ ಎಷ್ಟು ಜನ ಬಂದರು ಎಂಬ ಪಟ್ಟಿ ಅದು.

"ನಿಮ್ಮದು ಯಾವುದು? ಕಿಂಡಿ ಅಲ್ಲವಾ? ನೋಡಿ, ಮೊದಲ ತಿಂಗಳಲ್ಲಿ ಒಂದಿಷ್ಟು ಜನ ಇದ್ದಾರೆ. ಆಮೇಲೆ ಪೂರ್ತಿ ಸೊನ್ನೆ. ಜನ ನಿಮ್ಮದನ್ನು ಬಿಟ್ಟು ದೊಡ್ಡದಕ್ಕೇ ಹೋಗಿದ್ದಾರೆ."

ಬುನಾದಿ ಲೋಟವನ್ನು ಕೆಳಗಿಟ್ಟು ಪರದೆಯ ಕಡೆಗೆ ಬಾಗಿದ. "ಅದು ನಮ್ಮದೇ ಸಾರ್. ದೊಡ್ಡದು ಅಂತ ತೋರಿಸ್ತಾ ಇರೋದರಲ್ಲಿ ನಮ್ಮದೇ ಇದೆ. ಆ ಯಂತ್ರಗಳ ಮೇಲೆ ದೊಡ್ಡದು ಓಡೋದೇ ಇಲ್ಲ."

"ಹಾಗಾದರೆ ಇದರಲ್ಲಿ ನಿಮ್ಮದು ಎಷ್ಟು, ಅವರದು ಎಷ್ಟು?"

"ಅದು ಹೇಳೋಕೆ ಬರಲ್ಲ. ಎಲ್ಲಾ ಶಾಖೆಗಳೂ, ಹೊಸ ಯಂತ್ರ ಇರೋ ಕಚೇರಿಯೂ ಒಂದೇ ಸಂಪರ್ಕದಿಂದ ಹೊರಗೆ ಹೋಗೋದು. ಯಾವುದು ಎಲ್ಲಿಂದ ಬಂತು ಅಂತ ಪಟ್ಟೀಲಿ ಗೊತ್ತಾಗಲ್ಲ."

"ನಿಮ್ಮ ಬ್ರೌಸರು ತನ್ನ ಹೆಸರನ್ನು ಯಾಕೆ ಹೇಳಲಿಲ್ಲ?"

"ಹೇಳಿದರೆ ಬೇರೆ ತಾಣದವರು ಒಳಗೆ ಬಿಡ್ತಾ ಇರಲಿಲ್ಲ."

ಅಧಿಕಾರಿ ಪಟ್ಟಿಯ ಮೇಲೆ ಬೆರಳಿಟ್ಟರು. "ಅಂದರೆ ಸುಳ್ಳು ಹೆಸರು ಹೇಳಿಕೊಂಡು ಬಂದಿದ್ದೀರಿ. ಈಗ ನಿಜವಾದ ಹೆಸರಲ್ಲಿ ಹುಡುಕಿ ಅಂತೀರಿ. ನಾನು ಎಲ್ಲಿ ಅಂತ ಹುಡುಕಲಿ?"

ನಾನು ಬಾಯಿ ಹಾಕಿದೆ. ನಾನು ನಿವೃತ್ತ ಮೇಷ್ಟ್ರು, ದಿನವೂ ಅಲ್ಲಿ ಕೂರುವವನು, ಜನ ಬಳಸುವುದನ್ನು ಕಣ್ಣಾರೆ ಕಂಡಿದ್ದೇನೆ, ಬೇಕಾದರೆ ನೀವೇ ಬಂದು ನೋಡಿ ಎಂದೆ.

"ನಿಮ್ಮ ಮಾತು ನಂಬ್ತೀನಿ ಮೇಷ್ಟ್ರೇ. ಆದರೆ ನಾನು ಸಭೆಯ ಮುಂದೆ ಇಡಬೇಕಾದ್ದು ಇದನ್ನ. ಮೇಷ್ಟ್ರು ಕಣ್ಣಾರೆ ಕಂಡಿದ್ದಾರೆ ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ." ಆಮೇಲೆ, ಕರುಣೆಯಿಂದಲೇ ಇರಬೇಕು, ಒಂದು ದಾರಿ ತೋರಿಸಿದರು. "ಸಭೆಗೆ ಇನ್ನೂ ಸ್ವಲ್ಪ ಸಮಯ ಇದೆ. ನಿಮ್ಮ ಹೆಸರನ್ನು ವಾಪಸು ಹಾಕಿ. ಸಂಖ್ಯೆ ಬಂದರೆ ಖಂಡಿತ ಇಡ್ತೀನಿ."

ಮೆಟ್ಟಿಲಿಳಿಯುವಾಗ ಭಾವಮೈದುನ, "ಬರೀ ಇವರ ತಾಣಕ್ಕೆ ಮಾತ್ರ ನಿಜ ಹೆಸರು ಹೇಳೋಣ ಭಾವ, ಉಳಿದ ಕಡೆ ಹಾಗೇ ಇರಲಿ" ಎಂದ. ಆ ಮಾತನ್ನು ಕೇಳಿದ್ದರೆ ಕಿಂಡಿ ಬದುಕುತ್ತಿತ್ತೋ ಏನೋ. ಬುನಾದಿ ನಿಂತು, ತಿರುಗಿ, ನಾನು ಅವನಲ್ಲಿ ಎಂದೂ ಕಾಣದ ಬಿರುಸಿನಿಂದ ಹೇಳಿದ: "ಇನ್ನು ಒಂದು ಕಡೆಯೂ ಇಲ್ಲ. ಒಂದು ಸಲ ನಿನ್ನ ಮಾತು ಕೇಳಿ ಸೊನ್ನೆ ಆದೆ. ಇನ್ನು ಎಲ್ಲಾ ಕಡೆಯೂ ನಮ್ಮ ಹೆಸರೇ."

"ಕತ್ತರಿಸಿದ್ದು ನೀವು ಭಾವ. ನನ್ನನ್ನ ಎಬ್ಬಿಸಿ ಕೂತು ಕತ್ತರಿಸಿದಿರಿ."

ಅಲ್ಲಿಂದ ಮನೆಯವರೆಗೆ ಇಬ್ಬರೂ ಬೇರೆಬೇರೆ ಪಕ್ಕದಲ್ಲಿ ನಡೆದರು. ನಾನು ನಡುವೆ.

ಮರುದಿನವೇ ಎಲ್ಲ ಶಾಖೆಗಳಲ್ಲೂ ಬ್ರೌಸರು 'ಕಿಂಡಿ' ಎಂದೇ ಹೇಳತೊಡಗಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಬಸ್ಸಿನವರದು, ಅರ್ಜಿಯವರದು, ಆಸ್ಪತ್ರೆಯದು. ತಿಂಗಳುಗಟ್ಟಲೆ ನೆಮ್ಮದಿಯಿಂದ ಬಳಸಿದ್ದ ಜನಕ್ಕೆ ಇದೇನು ಎಂದು ತಿಳಿಯಲಿಲ್ಲ. ಗ್ರಂಥಪಾಲಕಿಯ ಕುರ್ಚಿಯಲ್ಲಿ ಈಗ ಇದ್ದವರಿಗೆ ಬುನಾದಿ ಯಾರೆಂದೇ ಸರಿಯಾಗಿ ಗೊತ್ತಿರಲಿಲ್ಲ. ಬಂದ ದೂರುಗಳನ್ನೆಲ್ಲ ಅವರು ಮೇಲಕ್ಕೆ ಕಳುಹಿಸಿದರು. ಪಟ್ಟಿಯಲ್ಲಿ ಕಿಂಡಿಯ ಸಂಖ್ಯೆ ಏರಿತು, ನಿಜ. ಅದರ ಪಕ್ಕದಲ್ಲೇ ದೂರುಗಳೂ ಏರಿದವು. ಸಭೆಯ ಮುಂದೆ ಎರಡೂ ಹೋದವು. ಈ ಬ್ರೌಸರನ್ನು ಬಳಸಿದ ಅವಧಿಯಲ್ಲೇ ಓದುಗರಿಗೆ ಅತಿಹೆಚ್ಚು ತೊಂದರೆಯಾಗಿದೆ, ಆದ್ದರಿಂದ ಹೊಸ ಯಂತ್ರಗಳನ್ನು ಕೊಂಡು ದೊಡ್ಡ ಬ್ರೌಸರನ್ನೇ ಹಾಕತಕ್ಕದ್ದು ಎಂದು ತೀರ್ಮಾನವಾಯಿತು. ವರ್ಷಗಟ್ಟಲೆ ಇಲ್ಲದ ಮನಸ್ಸು ಒಂದು ಬೆಳಗ್ಗೆ ಬಂದಿತ್ತು.

ಭಾವಮೈದುನ ಆ ಮೇಜಿನ ಮುಂದೆ ಮತ್ತೆ ಕೂರಲಿಲ್ಲ. ಅಂಗಡಿಗಳ ಬಿಲ್ಲಿನ ಯಂತ್ರಗಳನ್ನು ಮಾಡುವವರ ಹತ್ತಿರ ಕೆಲಸಕ್ಕೆ ಸೇರಿದ. ಅಕ್ಕನನ್ನು ನೋಡಲು ಬರುತ್ತಾನೆ; ಭಾವ ಮನೆಯಲ್ಲಿ ಇಲ್ಲದ ಹೊತ್ತಿಗೆ ಬರುತ್ತಾನೆ. ನನಗೆ ಒಮ್ಮೆ ದಾರಿಯಲ್ಲಿ ಸಿಕ್ಕಾಗ, "ಅವರು ಸರಿ ಮೇಷ್ಟ್ರೇ, ನಾನೂ ಸರಿ. ಅದಕ್ಕೇ ಎದುರುಬದುರು ಕೂರೋಕೆ ಆಗಲ್ಲ" ಎಂದ.

ನಾನು ಆ ಮನೆಗೆ ಹೋದಾಗ ಹೆಂಡತಿ ಸಾಣೆಯ ಪುಡಿ ಮೆತ್ತಿದ ಕೈ ತೊಳೆಯುತ್ತಾ, ಒಳಕೋಣೆಯ ಕಡೆ ಒಮ್ಮೆ ನೋಡಿ, ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಸೋಲ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು ಮೇಷ್ಟ್ರೇ. ಆ ದೊಡ್ಡವರ ಮುಂದೆ ಇಬ್ಬರು ಏನು ಮಾಡೋಕಾಗುತ್ತೆ? ಅವರ ಹಟ ಅವರ ಹತ್ತಿರ ಉಳಿಯುತ್ತೆ ಅಂದುಕೊಂಡಿದ್ದೆ. ಅದನ್ನೂ ಕೊಟ್ಟು ಸೋತರು. ಈಗ ರಾತ್ರಿ ಊಟಕ್ಕೆ ಕೂತರೆ ತಟ್ಟೆ ನೋಡ್ತಾರೆ, ನನ್ನ ಮುಖ ನೋಡಲ್ಲ."

ಬುನಾದಿ ಕೆಲವು ತಿಂಗಳು ಒಬ್ಬನೇ ಓದಿ, ಒಬ್ಬನೇ ಬರೆದ. ಕೇಳುವ ಕಿವಿ ಎದುರಿಗೆ ಇಲ್ಲದ ಮೇಲೆ ತಪ್ಪುಗಳು ನುಸುಳಿದವು. ಎಲ್ಲೋ ದೂರದ ಅಪರಿಚಿತನೊಬ್ಬ, ಕಿಂಡಿಯಲ್ಲಿ ಒಂದು ಬಿರುಕಿದೆ, ಕೆಟ್ಟ ಉದ್ದೇಶದ ಪುಟವೊಂದು ಅದರ ಮೂಲಕ ಬಳಸುವವರ ಪಾಸ್‌ವರ್ಡುಗಳನ್ನು ಕದಿಯಬಹುದು ಎಂದು ತಿಳಿಸಿದ. ಬುನಾದಿ ಮುಚ್ಚಿದ. ಇನ್ನೊಂದು ಕಾಣಿಸಿತು. ಅದನ್ನು ಮುಚ್ಚುವಷ್ಟರಲ್ಲಿ ಮತ್ತೊಂದು. ಆ ಹೊತ್ತಿಗೆ ಅವನು ಔಷಧಿ ಸಗಟು ಮಾರಾಟಗಾರರ ಉಗ್ರಾಣದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಕಿಂಡಿಗೆ ಉಳಿದದ್ದು ರಜೆಯ ದಿನಗಳು ಮಾತ್ರ. ನಾನು ಧೈರ್ಯ ಹೇಳಲು ಹೋದೆ. ಅವನು, "ಚಿಲಕ ಕಿತ್ತುಹೋದ ಮನೆಗೆ ಜನರನ್ನ ಕರೆದು ಮಲಗಿಸಬಾರದು ಮೇಷ್ಟ್ರೇ" ಎಂದ. ಅವತ್ತೇ ತನ್ನ ತಾಣದಲ್ಲಿ ಸೂಚನೆ ಹಾಕಿದ: ಕಿಂಡಿಯ ಕೆಲಸವನ್ನು ನಿಲ್ಲಿಸಲಾಗಿದೆ, ಬಳಸುತ್ತಿರುವವರು ದಯವಿಟ್ಟು ತೆಗೆದುಹಾಕಿ.

ಸೂಚನೆಗಳನ್ನು ಓದುವವರು ಕಡಿಮೆ ಎಂಬುದು ನನಗೆ ಶಾಲೆಯ ಫಲಕದ ಕಾಲದಿಂದಲೂ ಗೊತ್ತು. ಆ ತಾಣದಿಂದ ಕಿಂಡಿಯನ್ನು ಇಳಿಸಿಕೊಂಡಿದ್ದ, ಮನೆಯಲ್ಲಿ ಹಳೆಯ ಯಂತ್ರಗಳನ್ನು ಇಟ್ಟುಕೊಂಡ ಜನ ಅಲ್ಲಲ್ಲಿ ಇನ್ನೂ ಅದನ್ನು ಬಳಸುತ್ತಿದ್ದಾರೆ. ಎಂದೋ ಸಹಾಯ ಕೇಳಿ ಅವನಿಗೆ ಬರೆದವರು, ಕರೆ ಮಾಡಿದವರು. ಬುನಾದಿ ಈಗ ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕರೆ ಮಾಡುತ್ತಾನೆ. ಉಗ್ರಾಣ ನಮ್ಮ ಬೀದಿಯ ಕೊನೆಯಲ್ಲೇ ಇರುವುದರಿಂದ, ಮಧ್ಯಾಹ್ನದ ಬಿಡುವಿನಲ್ಲಿ ಬಂದು ನನ್ನ ಮನೆಯ ಜಗಲಿಯ ಮೇಲೆ ಕೂರುತ್ತಾನೆ. ಮೊನ್ನೆ ಯಾರೋ ವಯಸ್ಸಾದ ಹೆಂಗಸಿನ ಜೊತೆ ಮಾತನಾಡುತ್ತಿದ್ದ. ಆಕೆಗೆ ಕಿವಿ ಮಂದವಿರಬೇಕು. ಇವನು ಹೇಳಿದ್ದನ್ನೇ ಹೇಳುತ್ತಿದ್ದ.

"ಹೌದಮ್ಮಾ, ತೆಗೆದುಬಿಡಿ... ಇಲ್ಲಮ್ಮಾ, ನಿಮ್ಮಿಂದ ಏನೂ ಕೆಟ್ಟಿಲ್ಲ... ನನಗೆ ಗೊತ್ತು, ಚೆನ್ನಾಗೇ ಓಡ್ತಿದೆ. ಆದರೂ ತೆಗೆದುಬಿಡಿ... ಅಕ್ಷರ ದೊಡ್ಡದಾಗಿ ಕಾಣೋದಾ? ಬೇರೆಯದರಲ್ಲೂ ಮಾಡಬಹುದಮ್ಮಾ, ಹೇಳಿಕೊಡ್ತೀನಿ... ನಾನಾ? ನಾನು ಅದನ್ನ ಮಾಡಿದವನು."

ಆ ಕಡೆಯಿಂದ ಆಕೆ ಬಹಳ ಹೊತ್ತು ಏನೋ ಹೇಳಿದರು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಸರಿ ಅಮ್ಮಾ. ಅದನ್ನ ತೆಗೆಯೋಕೆ ಈಗ ಎಡಗಡೆ ಮೇಲಿನ ಗುಂಡಿ ಒತ್ತಿ. ಒತ್ತಿದಿರಾ?"